ಕರಿಗಂತಿಯ ಚಿಕಿತ್ಸೆಯಲ್ಲಿ ಅಳತೆಯ ಪ್ರಶ್ನೆ: ಒಂದು ಚಾರಿತ್ರಿಕ ವಿವೇಚನೆ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದನ್ನು ಶೋಧಗಳ ಒಂದು ಮಾಲೆಯಂತೆ ಪೋಣಿಸುತ್ತಾರೆ. ಒಬ್ಬ ಮಹನೀಯನು ಒಂದು ಸತ್ಯವನ್ನು ಕಂಡನು, ಅವನ ತರುವಾಯ ಬಂದವನು ಮತ್ತೊಂದನ್ನು ಕಂಡನು, ಹೀಗೆ ಕತ್ತಲೆಯು ಕ್ರಮವಾಗಿ ಹರಿಯಿತು ಎಂಬುದು ಇಂಥ ಬರವಣಿಗೆಯ ಧಾಟಿ. ಶೋಧಗಳ ನಡುವೆ ಬಹುಕಾಲ ನಿಂತುಹೋದ ನಂಬಿಕೆಗಳಿಗೂ ಒಂದು ಚರಿತ್ರೆಯುಂಟು ಎಂಬುದನ್ನು ನಾವು ಮರೆಯುತ್ತೇವೆ. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಅಂತಹ ಒಂದು ಅಂಕಿಯ ಕಥೆ. ಚರ್ಮದ ಮೇಲೆ ಹುಟ್ಟುವ ಕರಿಗಂತಿಯನ್ನು ಕತ್ತರಿಸಿ ತೆಗೆಯುವಾಗ ಅದರ ಸುತ್ತಲಿನ ಆರೋಗ್ಯವಾದ ಚರ್ಮವನ್ನು ಎಷ್ಟು ಅಗಲಕ್ಕೆ ತೆಗೆಯಬೇಕು ಎಂಬ ಪ್ರಶ್ನೆಗೆ ಶಸ್ತ್ರವೈದ್ಯರು ಅರ್ಧ ಶತಮಾನಕ್ಕೂ ಮೀರಿ ಒಂದೇ ಉತ್ತರವನ್ನು ಕೊಟ್ಟರು. ಆ ಉತ್ತರವು ಎಲ್ಲಿಂದ ಬಂದಿತು, ಹೇಗೆ ಬೇರೂರಿತು, ಯಾವುದರಿಂದ ಕದಲಿತು ಎಂಬುದೇ ಇಲ್ಲಿಯ ವಿಷಯ.

ಮೊದಲು ರೋಗದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕು. ನಮ್ಮ ಚರ್ಮಕ್ಕೆ ಬಣ್ಣವನ್ನು ಕೊಡುವ ದ್ರವ್ಯಕ್ಕೆ ಮೆಲನಿನ್ ಎಂದು ಹೆಸರು. ಅದನ್ನು ತಯಾರಿಸುವ ಜೀವಕೋಶಗಳು ಚರ್ಮದ ಮೇಲ್ಪದರದ ಅಡಿಯಲ್ಲಿ ಚೆದುರಿಕೊಂಡಿರುತ್ತವೆ. ಈ ಕೋಶಗಳು ಅಂಕೆ ಮೀರಿ ಬೆಳೆದಾಗ ಉಂಟಾಗುವ ಅರ್ಬುದವೇ ಮೆಲನೋಮ. ಚರ್ಮದ ಸಾಮಾನ್ಯ ಅರ್ಬುದಗಳಿಗಿಂತ ಇದು ವಿರಳ, ಆದರೆ ಅವೆಲ್ಲಕ್ಕಿಂತಲೂ ಕ್ರೂರ. ಮೇಲ್ಪದರದಲ್ಲಿ ಇರುವವರೆಗೆ ಅದು ಒಂದು ಮಚ್ಚೆಯಷ್ಟೇ. ಒಳಪದರಕ್ಕೆ ಇಳಿದು ದುಗ್ಧನಾಳಗಳನ್ನೂ ರಕ್ತನಾಳಗಳನ್ನೂ ಸೇರಿತೆಂದರೆ ಯಕೃತ್ತು, ಶ್ವಾಸಕೋಶ, ಮಿದುಳು ಯಾವುದನ್ನೂ ಬಿಡುವುದಿಲ್ಲ.

ಲಂಡನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರ್ ೧೭೮೭ರಲ್ಲಿ ೩೫ ವರ್ಷದ ಒಬ್ಬ ಪುರುಷನ ದವಡೆಯ ಕೋನದ ಹಿಂಭಾಗದಲ್ಲಿ ಮರುಕಳಿಸಿದ್ದ ಒಂದು ಗಂತಿಯನ್ನು ಕತ್ತರಿಸಿ ತೆಗೆದನು. ಅದರ ಒಂದು ಭಾಗವು ಮೃದುವಾಗಿ, ಕಪ್ಪಾಗಿ ಇದ್ದುದನ್ನು ಅವನು ಗಮನಿಸಿದ್ದನು. ರೋಗಕ್ಕೆ ಆಗ ಹೆಸರೇ ಇರಲಿಲ್ಲ. ಹಂಟರನಿಗೆ ಕಂಡದ್ದನ್ನೆಲ್ಲ ಸೀಸೆಯಲ್ಲಿ ತುಂಬಿಡುವ ಅಭ್ಯಾಸವಿದ್ದುದರಿಂದ ಆ ತುಣುಕು ಉಳಿದುಕೊಂಡಿತು. ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ವಸ್ತುಸಂಗ್ರಹಾಲಯವು ೧೯೪೧ರ ಮೇ ತಿಂಗಳ ಬಾಂಬುದಾಳಿಯಲ್ಲಿ ಬಹುವಾಗಿ ನಾಶವಾದರೂ ಈ ಸೀಸೆ ಪಾರಾಯಿತು. ೧೯೬೮ರಲ್ಲಿ ಆ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಅದು ಮೆಲನೋಮವೇ ಎಂದು ಸ್ಥಿರಪಟ್ಟಿತು. ಸುಮಾರು ನೂರ ಎಂಬತ್ತು ವರ್ಷಗಳ ತರುವಾಯ ಒಬ್ಬ ರೋಗಿಯ ರೋಗನಿರ್ಣಯವಾದುದು ಚರಿತ್ರೆಯಲ್ಲಿ ವಿಶೇಷವೇ ಸರಿ.

ಹೆಸರು ಬಂದುದು ಫ್ರಾನ್ಸಿನಿಂದ. ಮುಂದೆ ಸ್ಟೆತಾಸ್ಕೋಪಿನ ನಿರ್ಮಾತೃವೆಂದು ಲೋಕವಿಖ್ಯಾತನಾದ ರೆನೆ ಲೆನೆಕ್ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ೧೮೦೪ರಲ್ಲಿ, ಪ್ಯಾರಿಸಿನ ವೈದ್ಯಶಾಲೆಯಲ್ಲಿ ಈ ಕಪ್ಪುರೋಗದ ಬಗೆಗೆ ಉಪನ್ಯಾಸ ಮಾಡಿದನು. ಅದು ೧೮೦೬ರಲ್ಲಿ ಅಚ್ಚಾಯಿತು. ಕಪ್ಪು ಎಂಬ ಅರ್ಥದ ಗ್ರೀಕ್ ಶಬ್ದದಿಂದ ಅವನು ರಚಿಸಿದ ಪದ ‘ಮೆಲನೋಸ್’. ಈ ಶೋಧದ ಹಿರಿಮೆ ಯಾರಿಗೆ ಸಲ್ಲಬೇಕೆಂಬ ವಿಷಯದಲ್ಲಿ ಅವನಿಗೂ ಅವನ ಗುರು ದ್ಯುಪ್ವಿತ್ರೆನನಿಗೂ ಮನಸ್ತಾಪ ಬೆಳೆಯಿತು. ಆ ಜಗಳದ ವಿವರ ನಮಗಿಲ್ಲಿ ಅನಾವಶ್ಯಕ. ‘ಮೆಲನೋಮ’ ಎಂಬ ಈಗಿನ ರೂಪವನ್ನು ಬಳಕೆಗೆ ತಂದವನು ೧೮೩೮ರಲ್ಲಿ ರಾಬರ್ಟ್ ಕಾರ್ಸ್‌ವೆಲ್.

ನಮ್ಮ ದೃಷ್ಟಿಯಲ್ಲಿ ಈ ರಾಜಧಾನಿಯ ಪಂಡಿತರಿಗಿಂತ ಹೆಚ್ಚು ಆದರಕ್ಕೆ ಪಾತ್ರನಾದವನು ಇಂಗ್ಲೆಂಡಿನ ಸ್ಟೌರ್‌ಬ್ರಿಜ್ ಎಂಬ ಪಟ್ಟಣದ ಸಾಮಾನ್ಯ ವೈದ್ಯ ವಿಲಿಯಂ ನಾರಿಸ್. ಹೊಟ್ಟೆಯ ಮೇಲಿನ ಮಚ್ಚೆಯೊಂದು ಗಂತಿಯಾಗಿ ಬೆಳೆದ ೫೯ ವರ್ಷದ ರೋಗಿಯೊಬ್ಬನ ವೃತ್ತಾಂತವನ್ನು ಅವನು ೧೮೨೦ರಲ್ಲಿ ಪ್ರಕಟಿಸಿದನು. ಗಂತಿಯನ್ನು ಕತ್ತರಿಸಿ ತೆಗೆದರೂ ಅದು ಕೆಲವೇ ವಾರಗಳಲ್ಲಿ ಮರಳಿತು; ರೋಗಿ ತೀರಿಕೊಂಡನು. ನಾರಿಸ್ ಅಷ್ಟಕ್ಕೆ ಸುಮ್ಮನಾಗಲಿಲ್ಲ. ರೋಗಿಯ ತಂದೆಯೂ ಇಂಥದೇ ರೋಗದಿಂದ ಸತ್ತಿದ್ದನೆಂಬುದನ್ನೂ ಮಕ್ಕಳ ಮೈಮೇಲೆ ಅನೇಕ ಮಚ್ಚೆಗಳಿದ್ದುವೆಂಬುದನ್ನೂ ವಿಚಾರಿಸಿ ಬರೆದಿಟ್ಟನು. ೧೮೫೭ರಲ್ಲಿ ಅವನು ಎಂಟು ರೋಗಿಗಳ ವಿವರವನ್ನು ಒಟ್ಟುಗೂಡಿಸಿ ಪ್ರಕಟಿಸಿದಾಗ ರೋಗವು ವಂಶದಲ್ಲಿ ಹರಿದುಬರಬಲ್ಲುದು, ಮಚ್ಚೆಗಳಿಗೂ ಇದಕ್ಕೂ ಸಂಬಂಧವುಂಟು, ರೋಗಿಗಳಲ್ಲಿ ಹೆಚ್ಚಿನವರು ತಿಳಿಬಣ್ಣದ ಕೂದಲಿನವರೂ ಬಿಳಿಚಿದ ಮೈಬಣ್ಣದವರೂ ಆಗಿರುತ್ತಾರೆ ಎಂಬ ಮಾತುಗಳು ಅದರಲ್ಲಿದ್ದುವು. ಗಂತಿಯೊಡನೆ ಸುತ್ತಲಿನ ಕೊಂಚ ಭಾಗವನ್ನೂ ತೆಗೆಯಬೇಕೆಂಬುದು ಅವನ ಸಲಹೆ. ಹರಡಿದ ಮೇಲೆ ಯಾವ ಔಷಧವೂ ಯಾವ ಶಸ್ತ್ರವೂ ಉಪಯೋಗಕ್ಕೆ ಬಾರದೆಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆಯೂ ಅವನಲ್ಲಿತ್ತು. ಒಂದು ಊರಿನಲ್ಲಿ ನೆಲೆನಿಂತು ತಂದೆಯನ್ನೂ ಮಗನನ್ನೂ ಬಲ್ಲ ವೈದ್ಯನಿಗೆ ಮಾತ್ರ ಸಾಧ್ಯವಾದ ಅವಲೋಕನ ಇದು.

‘ಕೊಂಚ ಭಾಗ’ ಎಂದರೆ ಎಷ್ಟು? ಬೇಗ ತೆಗೆಯುವುದೊಂದೇ ದಾರಿಯೆಂದು ೧೮೪೦ರಲ್ಲಿ ಸ್ಯಾಮ್ಯುಯಲ್ ಕೂಪರ್ ಹೇಳಿದ್ದನು. ಬರ್ಮಿಂಗ್‌ಹ್ಯಾಮಿನ ಆಲಿವರ್ ಪೆಂಬರ್ಟನ್ ೧೮೫೮ರಲ್ಲಿ ವಿಸ್ತಾರವಾಗಿ ಕತ್ತರಿಸಬೇಕೆಂದನು. ಹರ್ಬರ್ಟ್ ಸ್ನೋ ೧೮೯೨ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೈಗೆ ಸಿಕ್ಕದಿದ್ದರೂ ಸಮೀಪದ ದುಗ್ಧಗ್ರಂಥಿಗಳನ್ನು ಮುಂಜಾಗ್ರತೆಯಾಗಿ ತೆಗೆದುಬಿಡಬೇಕೆಂದು ವಾದಿಸಿದನು. ಇವರಲ್ಲಿ ಯಾರೂ ನಿಶ್ಚಿತವಾದ ಒಂದು ಅಳತೆಯನ್ನು ಶಾಸ್ತ್ರವಾಗಿ ನಿಲ್ಲಿಸಲಿಲ್ಲ. ಆ ಕೆಲಸ ಆದುದು ೧೯೦೭ರಲ್ಲಿ, ವಿಲಿಯಂ ಸ್ಯಾಂಪ್ಸನ್ ಹ್ಯಾಂಡ್ಲಿಯ ಕೈಯಿಂದ.

ಹ್ಯಾಂಡ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಶಸ್ತ್ರವೈದ್ಯ. ಅರ್ಬುದವು ದುಗ್ಧನಾಳಗಳೊಳಗೆ ಬಳ್ಳಿಯಂತೆ ಹಬ್ಬುತ್ತ ಹೋಗುತ್ತದೆ ಎಂಬ ಸಿದ್ಧಾಂತವನ್ನು ಸ್ತನದ ಅರ್ಬುದದ ವಿಷಯದಲ್ಲಿ ಮಂಡಿಸಿ ಹೆಸರು ಗಳಿಸಿದ್ದವನು. ಹಂಟರನ ಹೆಸರಿನಲ್ಲಿ ನಡೆಯುತ್ತಿದ್ದ ಉಪನ್ಯಾಸಮಾಲೆಯಲ್ಲಿ ಅವನು ಅದೇ ಸಿದ್ಧಾಂತವನ್ನು ಕರಿಗಂತಿಗೂ ಅನ್ವಯಿಸಿದನು. ಗಂತಿಯ ಅಂಚಿನಿಂದ ಸುಮಾರು ಒಂದು ಅಂಗುಲ ದೂರದಲ್ಲಿ ಚರ್ಮವನ್ನು ಸುತ್ತ ಕೊಯ್ಯಬೇಕು. ಅಲ್ಲಿಂದ ಚರ್ಮವನ್ನು ಎಬ್ಬಿಸಿ, ಅದರ ಕೆಳಗಿನ ಕೊಬ್ಬನ್ನು ಇನ್ನೂ ಎರಡು ಅಂಗುಲ ಆಚೆಯವರೆಗೆ, ಸ್ನಾಯುವಿನ ಹೊದಿಕೆಯೂ ಸೇರಿದಂತೆ, ತೆಗೆಯಬೇಕು. ಸಮೀಪದ ಗ್ರಂಥಿಗಳನ್ನೂ ತೆಗೆಯಬೇಕು. ಕೆಲವು ಸಂದರ್ಭಗಳಲ್ಲಿ ಕೈಯನ್ನೋ ಕಾಲನ್ನೋ ಕತ್ತರಿಸಬೇಕು: ಇದು ಅವನು ಕೊಟ್ಟ ವಿಧಿ. ಉಪನ್ಯಾಸವು ಸುಸಂಬದ್ಧವಾಗಿತ್ತು, ಚಿತ್ರಗಳಿಂದ ಕೂಡಿತ್ತು, ಅಂಗರಚನೆಯ ಜ್ಞಾನದಿಂದ ತುಂಬಿತ್ತು. ಆದರೆ ಅದರ ಬುಡದಲ್ಲಿ ಇದ್ದ ಆಧಾರವೆಷ್ಟು? ಮುಂದುವರಿದ ರೋಗದಿಂದ ತೀರಿಕೊಂಡಿದ್ದ ಒಬ್ಬ ರೋಗಿಯ ಶವಪರೀಕ್ಷೆ. ಒಬ್ಬ ರೋಗಿ ಮಾತ್ರ.

ಇಲ್ಲಿ ನಾವು ಹ್ಯಾಂಡ್ಲಿಯನ್ನು ಹಳಿಯಲು ಹೊರಟಿಲ್ಲ. ತನ್ನ ಕಾಲದಲ್ಲಿ ದೊರೆತ ಸಾಮಗ್ರಿಯಿಂದ ಅವನು ಮಾಡಬಹುದಾದ ಊಹೆಯನ್ನು ಮಾಡಿದನು. ಆಗ ರೋಗಿಗಳು ವೈದ್ಯರ ಬಳಿಗೆ ಬರುತ್ತಿದ್ದುದು ಗಂತಿ ದೊಡ್ಡದಾಗಿ ಒಡೆದ ಮೇಲೆ. ಅಂಥವರಿಗೆ ಸಣ್ಣ ಕೊಯ್ತವು ಸಾಲದೆಂಬುದು ಅನುಭವಕ್ಕೆ ವಿರುದ್ಧವೂ ಆಗಿರಲಿಲ್ಲ. ಪ್ರಶ್ನೆಯಿರುವುದು ತರುವಾಯದವರ ವಿಷಯದಲ್ಲಿ. ಹ್ಯಾಂಡ್ಲಿ ಹೇಳಿದುದು ಚರ್ಮದಲ್ಲಿ ಒಂದು ಅಂಗುಲ, ಅಂದರೆ ಎರಡೂವರೆ ಸೆಂಟಿಮೀಟರು. ಅವನ ಹೆಸರನ್ನೇ ಮುಂದುಮಾಡಿಕೊಂಡು ಪಠ್ಯಗ್ರಂಥಗಳಲ್ಲಿ ನೆಲೆಯೂರಿದುದು ಸುತ್ತಲೂ ಐದು ಸೆಂಟಿಮೀಟರು. ಗುರುವಿನ ಮಾತು ಶಿಷ್ಯರ ಬಾಯಿಯಲ್ಲಿ ಇಮ್ಮಡಿಸುವುದನ್ನು ನಮ್ಮ ಶಾಸ್ತ್ರ ಪರಂಪರೆಗಳಲ್ಲಿಯೂ ನಾವು ಕಂಡಿದ್ದೇವೆ. ಅಲ್ಲಿ ಕೆಡುವುದು ಬಹುಮಟ್ಟಿಗೆ ಕಾಗದ ಮಾತ್ರ. ಇಲ್ಲಿ ಕೆಟ್ಟುದು ಮನುಷ್ಯರ ಮೈ. ಕಡಲೆಕಾಳಿನಷ್ಟು ಮಚ್ಚೆಗೆ ಅಂಗೈಯಷ್ಟು ಅಗಲದ ಗಾಯ. ಹೊಲಿಗೆಗೆ ನಿಲುಕದ ಆ ಗಾಯವನ್ನು ಮುಚ್ಚಲು ತೊಡೆಯಿಂದ ಕಿತ್ತ ಚರ್ಮದ ತೇಪೆ. ಗ್ರಂಥಿಗಳನ್ನು ಕಳೆದುಕೊಂಡು ಆನೆಕಾಲಿನಂತೆ ಊದುವ ಕಾಲು. ರೋಗಿಗಳು ಇವನ್ನೆಲ್ಲ ಪ್ರಾಣಕ್ಕೆ ತೆತ್ತ ಬೆಲೆಯೆಂದು ಸಹಿಸಿದರು. ಆ ಬೆಲೆ ಅಗತ್ಯವಾಗಿತ್ತೇ ಎಂದು ಅಳೆದು ನೋಡಿದವರು ಬಹುಕಾಲ ಇರಲಿಲ್ಲ.

ಅಳತೆಯ ದಿಕ್ಕನ್ನೇ ಬದಲಾಯಿಸಿದುದು ಸೂಕ್ಷ್ಮದರ್ಶಕದ ಮುಂದೆ ಕುಳಿತವರು. ಅಮೆರಿಕದ ವಾಲೆಸ್ ಕ್ಲಾರ್ಕ್ ೧೯೬೯ರಲ್ಲಿ, ಗಂತಿಯು ಚರ್ಮದ ಯಾವ ಪದರದವರೆಗೆ ಇಳಿದಿದೆ ಎಂಬುದನ್ನು ಐದು ಹಂತಗಳಾಗಿ ವಿಂಗಡಿಸಿ, ಹಂತ ಇಳಿದಂತೆ ಬದುಕುವ ಸಂಭವವೂ ಇಳಿಯುವುದೆಂದು ತೋರಿಸಿದನು. ಮರುವರ್ಷ ವಾಷಿಂಗ್ಟನ್ನಿನ ಅಲೆಕ್ಸಾಂಡರ್ ಬ್ರೆಸ್ಲೊ ಇದನ್ನು ಇನ್ನೂ ಸರಳಗೊಳಿಸಿದನು. ಪದರಗಳ ಹೆಸರಿನ ಗೊಡವೆಯೇ ಬೇಡ; ಸೂಕ್ಷ್ಮದರ್ಶಕದ ಕಣ್ಣಿಗೆ ಒಂದು ಅಳತೆಗೋಲನ್ನು ಜೋಡಿಸಿ, ಗಂತಿಯ ದಪ್ಪವನ್ನು ಮೇಲಿನಿಂದ ಕೆಳಗಿನವರೆಗೆ ಮಿಲಿಮೀಟರುಗಳಲ್ಲಿ ಅಳೆದರೆ ಸಾಕು. ಅವನು ಅಳೆದುದು ೯೮ ರೋಗಿಗಳ ಗಂತಿಗಳನ್ನು. ೦.೭೬ ಮಿಲಿಮೀಟರಿಗಿಂತ ತೆಳುವಾಗಿದ್ದವು ಮರಳಿ ಬರಲೂ ಇಲ್ಲ, ಹರಡಲೂ ಇಲ್ಲ. ಶತಮಾನಗಳಿಂದ ಎಲ್ಲರೂ ಅಗಲವನ್ನು ನೋಡುತ್ತಿದ್ದರು. ರೋಗಿಯ ಹಣೆಬರಹವಿದ್ದುದು ಆಳದಲ್ಲಿ.

ಇಷ್ಟಾದರೂ ಶಸ್ತ್ರವೈದ್ಯರ ಐದು ಸೆಂಟಿಮೀಟರು ಒಮ್ಮೆಗೇ ಕದಲಲಿಲ್ಲ. ಅದಕ್ಕೆ ಇನ್ನೊಂದು ಬಗೆಯ ಪ್ರಮಾಣ ಬೇಕಾಗಿತ್ತು. ಇಟಲಿಯ ಮಿಲಾನ್ ನಗರದ ಉಂಬೆರ್ತೊ ವೆರೊನೇಸಿಯ ಮುಂದಾಳುತನದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೆಲನೋಮ ತಂಡವು ಹಲವು ದೇಶಗಳ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಎರಡು ಚಿಕಿತ್ಸೆಗಳನ್ನು ಹೋಲಿಸಿತು. ಮೊದಲ ಫಲಿತಾಂಶ ಬಂದುದು ೧೯೭೭ರಲ್ಲಿ. ಕೈಕಾಲುಗಳಲ್ಲಿ ಮೆಲನೋಮವಿದ್ದ ೫೫೩ ರೋಗಿಗಳಲ್ಲಿ ಒಂದು ಗುಂಪಿಗೆ ಗ್ರಂಥಿಗಳನ್ನು ಆರಂಭದಲ್ಲಿಯೇ ತೆಗೆಯಲಾಯಿತು, ಇನ್ನೊಂದಕ್ಕೆ ಅವು ಊದಿಕೊಂಡಾಗ ಮಾತ್ರ. ಬದುಕುಳಿದವರ ಪ್ರಮಾಣದಲ್ಲಿ ಅಂತರ ಕಾಣಲಿಲ್ಲ. ೧೯೮೮ರಲ್ಲಿ ಎರಡನೆಯ ಫಲಿತಾಂಶ: ಎರಡು ಮಿಲಿಮೀಟರು ಮೀರದ ಗಂತಿಯಿದ್ದ ೬೧೨ ರೋಗಿಗಳಲ್ಲಿ ಕೆಲವರಿಗೆ ಒಂದು ಸೆಂಟಿಮೀಟರು, ಕೆಲವರಿಗೆ ಮೂರು ಸೆಂಟಿಮೀಟರು ಅಂಚು. ಇಲ್ಲಿಯೂ ಬದುಕಿನಲ್ಲಿ ಭೇದವಿರಲಿಲ್ಲ. ಕೊಯ್ದ ಸ್ಥಳದಲ್ಲಿಯೇ ರೋಗವು ಮೊದಲು ಮರಳಿದುದು ಮೂವರಲ್ಲಿ. ಆ ಮೂವರೂ ಸಣ್ಣ ಅಂಚಿನ ಗುಂಪಿನವರು, ಮೂವರ ಗಂತಿಯೂ ಒಂದು ಮಿಲಿಮೀಟರಿಗೆ ಕಡಿಮೆಯಿಲ್ಲದ ದಪ್ಪದ್ದು ಎಂಬುದನ್ನು ಹೇಳದೆ ಬಿಡುವುದು ನ್ಯಾಯವಲ್ಲ.

ಹಾಗೆಂದು ಅಂಚನ್ನು ಮನಬಂದಂತೆ ಕಿರಿದುಮಾಡಬಹುದೆಂದಲ್ಲ. ಎರಡು ಮಿಲಿಮೀಟರು ಮೀರಿದ ದಪ್ಪ ಗಂತಿಗಳಲ್ಲಿ ಒಂದು ಸೆಂಟಿಮೀಟರಿನ ಅಂಚು ಸಾಲದು, ಸುತ್ತಮುತ್ತ ರೋಗವು ಮರಳುವ ಸಂಭವ ಹೆಚ್ಚೆಂದು ೨೦೦೪ರಲ್ಲಿ ಬ್ರಿಟನ್ನಿನ ಪ್ರಯೋಗವೊಂದು ತೋರಿಸಿತು. ಅದೇ ಬಗೆಯ ಗಂತಿಗಳಿಗೆ ಎರಡು ಸೆಂಟಿಮೀಟರು ಸಾಕು, ನಾಲ್ಕರಿಂದ ಹೆಚ್ಚಿನ ಲಾಭವಿಲ್ಲವೆಂದು ೨೦೧೧ರಲ್ಲಿ ಉತ್ತರ ಯೂರೋಪಿನ ೯೩೬ ರೋಗಿಗಳ ಪ್ರಯೋಗ ತಿಳಿಸಿತು. ಗ್ರಂಥಿಗಳ ವಿಷಯದಲ್ಲಿ ಅಮೆರಿಕದ ಡೊನಾಲ್ಡ್ ಮಾರ್ಟನ್ ೧೯೯೨ರಲ್ಲಿ ಒಂದು ನಡುದಾರಿಯನ್ನು ತೋರಿಸಿದನು. ಗಂತಿಯಿರುವೆಡೆ ಬಣ್ಣದ ದ್ರವವನ್ನು ಚುಚ್ಚಿ, ಅದು ಮೊದಲು ತಲಪುವ ಕಾವಲು ಗ್ರಂಥಿಯೊಂದನ್ನೇ ತೆಗೆದು ಪರೀಕ್ಷಿಸುವ ಕ್ರಮ ಅದು. ಆ ಗ್ರಂಥಿಯಲ್ಲಿ ರೋಗ ಕಂಡರೂ ಉಳಿದವನ್ನೆಲ್ಲ ಕೀಳುವುದರಿಂದ ಆಯುಷ್ಯ ಹೆಚ್ಚುವುದಿಲ್ಲವೆಂಬುದು ೨೦೧೭ರಲ್ಲಿ ಸಿದ್ಧವಾಯಿತು. ಸ್ನೋ ೧೮೯೨ರಲ್ಲಿ ಆರಂಭಿಸಿದ ವಾದವು ಹೀಗೆ ನೂರ ಇಪ್ಪತ್ತೈದು ವರ್ಷ ನಡೆದಂತಾಯಿತು.

ಶಸ್ತ್ರದ ಕೈಮೀರಿ ಹರಡಿದ ರೋಗಕ್ಕೆ ನಾರಿಸನ ಕಾಲದ ನಿರಾಶೆಯೇ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಉಳಿದಿತ್ತು. ಅಮೆರಿಕದಲ್ಲಿ ೧೯೭೫ರಲ್ಲಿ ಮನ್ನಣೆ ಪಡೆದ ಡಕಾರ್ಬಜ಼ೀನ್ ಎಂಬ ಔಷಧವು ಕೆಲವರಲ್ಲಿ ಗಂತಿಯನ್ನು ಕುಗ್ಗಿಸುತ್ತಿತ್ತೇ ಹೊರತು ಆಯುಷ್ಯವನ್ನು ಹೆಚ್ಚಿಸಿದಂತೆ ಕಾಣಲಿಲ್ಲ. ಹೆಚ್ಚಿನ ರೋಗಿಗಳು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದರು. ೨೦೧೧ರಲ್ಲಿ ಪರಿಸ್ಥಿತಿ ತಿರುಗಿತು. ಅರ್ಬುದದ ಮೇಲೆ ನೇರವಾಗಿ ದಾಳಿಮಾಡದೆ, ದೇಹದ ರಕ್ಷಣಾಕೋಶಗಳಿಗೆ ಬಿದ್ದ ಕಡಿವಾಣವನ್ನು ಸಡಿಲಿಸುವ ಇಪಿಲಿಮುಮಾಬ್ ಎಂಬ ಔಷಧವು ಆ ವರ್ಷವೂ, ಅದೇ ಜಾತಿಯ ಪೆಂಬ್ರೊಲಿಜ಼ುಮಾಬ್ ಮತ್ತು ನಿವೊಲುಮಾಬ್ ೨೦೧೪ರಲ್ಲಿಯೂ ಅಮೆರಿಕದಲ್ಲಿ ಮನ್ನಣೆ ಪಡೆದುವು. ಈ ತತ್ತ್ವವನ್ನು ಕಂಡ ಜೇಮ್ಸ್ ಆಲಿಸನ್ ಮತ್ತು ತಸುಕು ಹೋಂಜೊ ಅವರಿಗೆ ೨೦೧೮ರ ನೊಬೆಲ್ ಬಹುಮಾನ ಬಂದಿತು. ಇಪಿಲಿಮುಮಾಬ್ ಮತ್ತು ನಿವೊಲುಮಾಬ್ ಎರಡನ್ನೂ ಜೊತೆಯಾಗಿ ಪಡೆದ, ರೋಗ ಹರಡಿದ್ದ ರೋಗಿಗಳಲ್ಲಿ ನೂರಕ್ಕೆ ೪೩ ಮಂದಿ ಹತ್ತು ವರ್ಷಗಳ ತರುವಾಯವೂ ಜೀವಂತರಾಗಿದ್ದರೆಂದು ೨೦೨೪ರಲ್ಲಿ ವರದಿಯಾಯಿತು. ಇವುಗಳ ಬೆಲೆಯು ನಮ್ಮ ದೇಶದ ಸಾಮಾನ್ಯ ಕುಟುಂಬದ ಶಕ್ತಿಯನ್ನು ಮೀರಿದ್ದು ಎಂಬುದನ್ನೂ ಜೊತೆಗೇ ಹೇಳಬೇಕಾಗುತ್ತದೆ.

ಇನ್ನು ನಿವಾರಣೆಯ ಮಾತು. ಇಲ್ಲಿಯೂ ಹಳೆಯ ನಂಬಿಕೆಯೊಂದು ದಾರಿಗೆ ಅಡ್ಡವಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಯೂರೋಪಿನ ವೈದ್ಯರಿಗೆ ಬಿಸಿಲು ಔಷಧವಾಗಿತ್ತು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆಯನ್ನು ಕಂಡ ನೀಲ್ಸ್ ಫಿನ್ಸೆನ್ ೧೯೦೩ರಲ್ಲಿ ನೊಬೆಲ್ ಬಹುಮಾನ ಪಡೆದನು; ಸ್ವಿಟ್ಜರ್ಲೆಂಡಿನ ಲೇಸನ್ನಿನಲ್ಲಿ ಒಗುಸ್ತ್ ರೋಲಿಯೆ ಕ್ಷಯರೋಗಿಗಳನ್ನು ಬೆಟ್ಟದ ಬಿಸಿಲಿಗೆ ಮಲಗಿಸುತ್ತಿದ್ದನು. ಕಂದಿದ ಮೈ ಕ್ರಮೇಣ ಆರೋಗ್ಯದ ಗುರುತಾಯಿತು, ಅನಂತರ ಸೊಬಗಿನ ಗುರುತಾಯಿತು.

ಇದಕ್ಕೆದುರಾದ ಸಾಕ್ಷ್ಯವನ್ನು ಮುಂದಿಟ್ಟವನು ಚರ್ಮವೈದ್ಯನಲ್ಲ, ಸಂಖ್ಯಾಶಾಸ್ತ್ರಜ್ಞ. ಆಸ್ಟ್ರೇಲಿಯದ ಹೆನ್ರಿ ಲ್ಯಾಂಕಾಸ್ಟರ್ ೧೯೫೬ರಲ್ಲಿ ಯೂರೋಪಿಯನ್ ಮೂಲದವರ ಮರಣದ ದಾಖಲೆಗಳನ್ನು ಮುಂದಿಟ್ಟುಕೊಂಡು ಕುಳಿತನು. ಒಂದೇ ಜನ, ಒಂದೇ ಮೈಬಣ್ಣ. ಭೂಮಧ್ಯರೇಖೆಗೆ ಸಮೀಪಿಸಿದಂತೆಲ್ಲ ಮೆಲನೋಮದ ಸಾವುಗಳು ಏರುತ್ತ ಹೋಗುತ್ತಿದ್ದುವು. ತಂಪುನಾಡಿನಿಂದ ಬಂದ ಬಿಳಿಯ ಜನ ಉಷ್ಣವಲಯದ ಕ್ವೀನ್ಸ್‌ಲೆಂಡಿನಲ್ಲಿ ನೆಲೆಸಿದುದೇ, ಪ್ರಯೋಗವೆಂದು ಯಾರೂ ಯೋಚಿಸದೆ ನಡೆದುಹೋದ ಒಂದು ಮಹಾಪ್ರಯೋಗವಾಗಿತ್ತು. ನಾರಿಸನು ಮೈಬಣ್ಣವನ್ನು ಕಂಡಿದ್ದನು. ಲ್ಯಾಂಕಾಸ್ಟರನು ಅದಕ್ಕೆ ಅಕ್ಷಾಂಶವನ್ನು ಸೇರಿಸಿದನು. ಚರಿತ್ರೆಯ ವಿದ್ಯಾರ್ಥಿಗಳು ಈ ಲೇಖನದ ಕ್ರಮವನ್ನು ಗಮನಿಸಬೇಕೆಂದು ನಮ್ಮ ಅಭಿಲಾಷೆ. ಸರಕಾರಿ ಕಚೇರಿಯ ಒಣ ದಾಖಲೆಗಳಿಂದ ಎಂಥ ಫಲ ದೊರೆಯಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತೋರದು.

ಮುಂದಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. ೧೯೮೧ರಲ್ಲಿ ವಿಕ್ಟೋರಿಯ ಪ್ರಾಂತದ ಅರ್ಬುದವಿರೋಧಿ ಸಂಸ್ಥೆಯು, ಅಂಗಿ ತೊಡಿ, ಲೇಪ ಬಳಿಯಿರಿ, ಟೋಪಿ ಹಾಕಿ ಎಂದು ಒಂದು ಕಡಲಹಕ್ಕಿಯ ಬಾಯಿಂದ ಹಾಡಿಸಿತು. ದೇಶವೆಲ್ಲ ಅದನ್ನು ಕಲಿಯಿತು. ಲೇಪವು ಚರ್ಮದ ಅರ್ಬುದವನ್ನು ನಿಜವಾಗಿಯೂ ತಡೆಯುವುದೇ ಎಂಬುದನ್ನು ಪರೀಕ್ಷಿಸಲು ಕ್ವೀನ್ಸ್‌ಲೆಂಡಿನ ನ್ಯಾಂಬೋರ್ ಪಟ್ಟಣದಲ್ಲಿ ೧೬೨೧ ಮಂದಿಯನ್ನು ಎರಡು ಗುಂಪು ಮಾಡಿ, ೧೯೯೨ರಿಂದ ೧೯೯೬ರವರೆಗೆ ಒಂದು ಗುಂಪಿಗೆ ಪ್ರತಿದಿನವೂ ಲೇಪ ಬಳಿದುಕೊಳ್ಳಲು ಹೇಳಲಾಯಿತು, ಇನ್ನೊಂದಕ್ಕೆ ಇಷ್ಟಬಂದಂತೆ. ೨೦೧೧ರಲ್ಲಿ ಪ್ರಕಟವಾದ ಲೆಕ್ಕದಂತೆ ಮೊದಲನೆಯ ಗುಂಪಿನಲ್ಲಿ ೧೧ ಮಂದಿಗೆ, ಎರಡನೆಯದರಲ್ಲಿ ೨೨ ಮಂದಿಗೆ ಮೆಲನೋಮ ಬಂದಿತ್ತು. ಸಂಖ್ಯೆ ಚಿಕ್ಕದು, ಆದರೆ ಹ್ಯಾಂಡ್ಲಿಯ ಒಬ್ಬ ರೋಗಿಗಿಂತ ದೊಡ್ಡದು. ಮೈಯನ್ನು ಕಂದಿಸುವ ದೀಪದ ಹಾಸಿಗೆಗಳನ್ನು ಅರ್ಬುದಕಾರಕಗಳ ಮೊದಲ ವರ್ಗಕ್ಕೆ ೨೦೦೯ರಲ್ಲಿ ಸೇರಿಸಲಾಯಿತು. ಬ್ರೆಜ಼ಿಲ್ ಅದೇ ವರ್ಷ ಅವನ್ನು ನಿಷೇಧಿಸಿತು.

ಈ ಉಪದೇಶವೆಲ್ಲ ಬಿಳಿಯ ಚರ್ಮವನ್ನು ಮುಂದಿಟ್ಟುಕೊಂಡು ಹುಟ್ಟಿದ್ದು. ಅದನ್ನು ನಮ್ಮ ವಿದ್ಯಾರ್ಥಿಗಳು ಪಠ್ಯದಲ್ಲಿ ಓದಿ ಹಾಗೆಯೇ ನಮ್ಮ ಜನಕ್ಕೆ ಅನ್ವಯಿಸಿದರೆ ಮತ್ತೊಮ್ಮೆ ಹ್ಯಾಂಡ್ಲಿಯ ಶಿಷ್ಯರ ತಪ್ಪನ್ನೇ ಮಾಡಿದಂತಾಗುತ್ತದೆ. ಭಾರತದಲ್ಲಿ ಮೆಲನೋಮ ಅತಿ ವಿರಳ. ವರ್ಷಕ್ಕೆ ಲಕ್ಷ ಮಂದಿಯಲ್ಲಿ ಒಬ್ಬರಿಗೂ ಅದು ಬರುವುದಿಲ್ಲ. ಬಂದಾಗ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಿಸಿಲು ಬೀಳುವ ಬೆನ್ನಿನಲ್ಲಿ ಅಲ್ಲ. ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ, ಬಾಯಿ ಮೂಗುಗಳ ಒಳಪೊರೆಯಲ್ಲಿ. ಅಲ್ಲಿಗೆ ಬಿಸಿಲಿನ ಲೇಪದಿಂದ ಪ್ರಯೋಜನವಿಲ್ಲ. ಬರಿಗಾಲಿನಲ್ಲಿ ಗದ್ದೆಗೆ ಹೋಗುವ ರೈತನು ಅಂಗಾಲಿನ ಕಪ್ಪು ಕಲೆಯನ್ನು ಮುಳ್ಳು ಮುರಿದ ಗುರುತೆಂದೋ ಆಣಿಯೆಂದೋ ತಿಳಿದು ವರ್ಷಗಟ್ಟಲೆ ಸುಮ್ಮನಿರುವುದು ಅಸಹಜವೇನೂ ಅಲ್ಲ. ವೈದ್ಯನೇ ಹಾಗೆ ತಿಳಿಯುವುದೂ ಉಂಟು.

ಉಗುರಿನ ಕೆಳಗಿನ ಈ ರೋಗವನ್ನು ಮೊದಲು ಸ್ಪಷ್ಟವಾಗಿ ವರ್ಣಿಸಿದವನು ಲಂಡನ್ನಿನ ಜೊನಾಥನ್ ಹಚಿನ್‌ಸನ್. ಉಗುರುಸುತ್ತೆಂದು ಮೋಸಗೊಳಿಸುವ ಕರಿಗಂತಿಯ ಬಗೆಗೆ ೧೮೮೬ರಲ್ಲಿ ಬರೆಯುತ್ತ, ಕಪ್ಪು ಬಣ್ಣವು ಉಗುರನ್ನು ದಾಟಿ ಪಕ್ಕದ ಚರ್ಮಕ್ಕೆ ಹರಡಿರುವುದನ್ನು ಅವನು ಎಚ್ಚರಿಕೆಯ ಗುರುತಾಗಿ ಸೂಚಿಸಿದನು. ಇದೇ ಹಚಿನ್‌ಸನ್ ಮೀನು ತಿನ್ನುವುದರಿಂದ ಕುಷ್ಠರೋಗ ಬರುತ್ತದೆಂದು ದೃಢವಾಗಿ ನಂಬಿ, ಅದನ್ನು ಸಾಧಿಸಲು ಮುಪ್ಪಿನಲ್ಲಿ ಭಾರತಕ್ಕೂ ಬಂದು ಅಲೆದನು. ಆ ವಾದ ಪೂರ್ಣವಾಗಿ ಬಿದ್ದುಹೋಯಿತು. ಉಗುರಿನ ಗುರುತು ಮಾತ್ರ ನಿಂತಿತು.

ಮಚ್ಚೆಯನ್ನು ಪರೀಕ್ಷಿಸುವ ಸೂತ್ರವನ್ನು ನ್ಯೂಯಾರ್ಕಿನ ವೈದ್ಯರು ೧೯೮೫ರಲ್ಲಿ ರಚಿಸಿದರು. ಎರಡು ಅರ್ಧಗಳು ಸಮನಾಗಿಲ್ಲದಿರುವುದು, ಅಂಚು ಸೊಟ್ಟಾಗಿರುವುದು, ಬಣ್ಣ ಹಲವಾಗಿರುವುದು, ವ್ಯಾಸವು ಆರು ಮಿಲಿಮೀಟರು ಮೀರಿರುವುದು: ಈ ನಾಲ್ಕು ಲಕ್ಷಣಗಳಿಗೆ, ಕಾಲಕ್ರಮದಲ್ಲಿ ಮಾರ್ಪಡುವುದೆಂಬ ಐದನೆಯದನ್ನು ೨೦೦೪ರಲ್ಲಿ ಸೇರಿಸಲಾಯಿತು. ಉಗುರಿಗೆಂದೇ ಬೇರೊಂದು ಸೂತ್ರ ೨೦೦೦ದಲ್ಲಿಯೂ, ಪಾದಕ್ಕೆಂದೇ ಇನ್ನೊಂದು ೨೦೧೦ರಲ್ಲಿಯೂ ಬಂದುವು. ಪಾದದ ಸೂತ್ರದಲ್ಲಿ ಬಣ್ಣದ ಜೊತೆಗೆ, ಎರಡು ತಿಂಗಳಾದರೂ ಮಾಯದ ಹುಣ್ಣನ್ನೂ, ಏನೆಂದು ನಿಶ್ಚಯವಾಗಿ ಹೇಳಲಾಗದ ಗಾಯವನ್ನೂ ಲಕ್ಷಣಗಳಾಗಿ ಎಣಿಸಲಾಗಿದೆ. ಎಂಟು ಕಡೆ ಒಡೆದು ಮಣ್ಣು ಮೆತ್ತಿದ ಅಂಗಾಲನ್ನು ತೊಳೆದು ನೋಡುವುದಕ್ಕೆ ಒಂದು ಚೊಂಬು ನೀರೂ ಐದು ನಿಮಿಷದ ವೇಳೆಯೂ ಬೇಕಾಗುತ್ತವೆ.